ಚಚಡಿಯಿಂದ ಬರಬೇಕಿದ್ದ ರಿಂಗು

ಮೊನ್ನೆ ಹುಬ್ಬಳ್ಳಿಯ ನಮ್ಮ ಕಚೇರಿಯಲ್ಲಿ ಇಬ್ಬರು ಹುಡುಗಿಯರು ಗೋಡೆಯ ಬಿಳಿ ಹಲಗೆಯ ಮೇಲೆ ಮೂರು ಕಾಲಂ ಎಳೆದುಕೊಂಡು ವಾದಕ್ಕೆ ಬಿದ್ದಿದ್ದರು. ನಾವು ಕೆಲವು ಆಸ್ಪತ್ರೆಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು. ಎಲ್ಲಿಯಾದರೂ ಒಂದು ಯಂತ್ರ ನಿಂತರೆ ಆ ಹೊತ್ತಿನ ಪಾಳಿಯಲ್ಲಿರುವವರ ಮೊಬೈಲಿಗೆ ಸುದ್ದಿ ಹೋಗಬೇಕು. ಅವರು ಎತ್ತದಿದ್ದರೆ ಇನ್ನೊಬ್ಬರಿಗೆ ಹೋಗಬೇಕು. ಹಾಗೆ ಸುದ್ದಿ ಮುಟ್ಟಿಸುವ ಮೂರು ತಂತ್ರಾಂಶಗಳಲ್ಲಿ ಯಾವುದನ್ನು ಕೊಳ್ಳುವುದು ಎನ್ನುವುದೇ ವಾದ. ಒಂದು ಜೋರಾಗಿ ಕೂಗುತ್ತದೆಯಂತೆ, ಇನ್ನೊಂದು ಚಂದದ ನಕ್ಷೆ ತೋರಿಸುತ್ತದೆಯಂತೆ, ಮೂರನೆಯದು ಅಗ್ಗವಂತೆ. "ನೀವೇ ಹೇಳಿ ಮೇಡಂ" ಎಂದು ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಚಹಾ ಮಾಡಲು ಹೋಗಿದ್ದ ಶಾಂತಕ್ಕ ಒಳಗಿನಿಂದ, "ಅಯ್ಯ, ಹಾಲು ಒಡದಾವ ನೋಡ್ರಿ" ಎಂದಳು. ಬಿಸಿ ಪಾತ್ರೆಯಿಂದ ಎದ್ದ ಆ ಹುಳಿ ವಾಸನೆ ಕೋಣೆಗೆಲ್ಲ ಹರಡಿತು. ನಾನು ಉತ್ತರ ಕೊಡುವುದನ್ನು ಬಿಟ್ಟು ಎರಡು ಸಾವಿರದ ನಾಲ್ಕರ ಬೇಸಿಗೆಗೆ ಹೋಗಿಬಿಟ್ಟೆ.

ಆಗ ನನಗೆ ಇಪ್ಪತ್ತೈದು. ಬೈಲಹೊಂಗಲದ ಒಂದು ಖಾಸಗಿ ಡೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಡೇರಿಗೆ ನಾಲ್ಕು ಕೇಂದ್ರಗಳಿದ್ದವು: ಕಿತ್ತೂರು, ನೇಸರಗಿ, ಚಚಡಿ, ರಾಮದುರ್ಗ. ಜನ ಮುಂಜಾನೆ ಹಾಲು ತಂದರೆ ಅವರ ಕಣ್ಣೆದುರೇ ತೂಕವನ್ನೂ ಕೊಬ್ಬನ್ನೂ ಅಳೆದು ಕಂಪ್ಯೂಟರ್ ಒಂದು ಚೀಟಿ ಕೊಡುತ್ತಿತ್ತು. ಮೊದಲು ಕೈಬರಹದ ಕಾಲದಲ್ಲಿ ಅಳತೆಯ ಬಗ್ಗೆ ದಿನ ಬೆಳಗಾದರೆ ಜಗಳ. ಅದಕ್ಕೇ ಮ್ಯಾನೇಜರ್ ಹೊಸಮನಿ ಸಾಹೇಬರು ಚೀಟಿ ಇಲ್ಲದೆ ಒಂದು ತಂಬಿಗೆ ಹಾಲೂ ತಂಪಿನ ಟ್ಯಾಂಕಿಗೆ ಬೀಳಕೂಡದು ಎಂದು ನಿಯಮ ಮಾಡಿದ್ದರು. ನಿಯಮ ಒಳ್ಳೆಯದೇ. ಆದರೆ ಯಂತ್ರ ನಿಂತಿತೆಂದರೆ ಹಾಲು ಕ್ಯಾನಿನಲ್ಲೇ ಕೂರಬೇಕು, ಮತ್ತು ಆ ವರ್ಷದ ಬಿಸಿಲಿಗೆ ಅದು ಮೂರು ತಾಸು ತಡೆದರೆ ಹೆಚ್ಚು.

ನಿಂತ ಯಂತ್ರವನ್ನು ಓಡಿಸುವ ತಂಡವೆಂದರೆ ನಾನು ಮತ್ತು ದಸ್ತಗೀರಣ್ಣ. ಹೆಸರಿಗೆ ಅವನು ಜೀಪಿನ ಡ್ರೈವರ್. ನಿಜಕ್ಕೆ ಜನರೇಟರು, ವೈರಿಂಗು, ನೀರಿನ ಪಂಪು ಎಲ್ಲ ಅವನ ಕೈಯಲ್ಲೇ ಇತ್ತು. ರಿಪೇರಿ ನಮಗೆ ಎಂದೂ ಕಷ್ಟವೆನಿಸಲಿಲ್ಲ. ಕಷ್ಟವಾಗಿದ್ದು ಯಂತ್ರ ನಿಂತಿದೆ ಎಂಬ ಸುದ್ದಿ ನಮಗೆ ಮುಟ್ಟುವುದು. ಮಾರ್ಚ್ ತಿಂಗಳಲ್ಲಿ ಎರಡು ಸಲ ಹಾಲು ಕೆಟ್ಟ ಮೇಲೆ ಸಾಹೇಬರು ನನ್ನನ್ನು ಕರೆದು, "ಹಾಲು ಒಡದ ಮ್ಯಾಲೆ ಸುದ್ದಿ ತಿಳಿಯೂದಾದ್ರ ನಿಮ್ಮನ್ನ ಯಾಕ ಇಟಗೊಂಡೇವಿ ಸುಮಂಗಲಾ? ಏನರ ಒಂದು ದಾರಿ ಹುಡಕ್ರಿ" ಎಂದರು. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಕೆಲಸ ಮಾಡುವವಳು.

ಒಂದು ಉದ್ದನೆಯ ನೋಟ್‌ಬುಕ್ ತಂದೆ. ಯಂತ್ರ ನಿಂತ ಗಳಿಗೆಯಿಂದ ನಮ್ಮ ಜೀಪು ಹೊರಡುವವರೆಗೆ ಎಷ್ಟು ನಿಮಿಷ ಎಂದು ಪ್ರತಿಯೊಂದು ಸಾಧನಕ್ಕೂ ಬರೆಯುವುದೆಂದು ನಿರ್ಧರಿಸಿದೆ. ಮೊದಲು ಬೆಳಗಾವಿಯಿಂದ ಒಬ್ಬ ಹಳೆಯ ಪೇಜರುಗಳ ಚೀಲ ಹೊತ್ತು ಬಂದ. ಪೇಜರಿನ ಕಾಲ ಆಗಲೇ ಮುಗಿದಿತ್ತು, ಅವನಿಗೆ ಉಳಿದ ಮಾಲು ಸಾಗಿಸಬೇಕಿತ್ತು. ಬೆಳಗಾವಿಯ ಕಡೆಯಿಂದ ನೇಸರಗಿಯ ತನಕ ಅದು ಕಿಂಯ್ ಅಂದಿತು, ಅಲ್ಲಿಂದ ಈಚೆಗೆ ತುಟಿ ಬಿಚ್ಚಲಿಲ್ಲ. ಆಮೇಲೆ ಫೋನು. ಕಿತ್ತೂರು, ನೇಸರಗಿ, ರಾಮದುರ್ಗದಲ್ಲಿ ಕೇಂದ್ರದೊಳಗೇ ಫೋನಿತ್ತು. ಚಚಡಿಯಲ್ಲಿ ಮಾತ್ರ ಎದುರಿನ ಈರಪ್ಪನ ಕಿರಾಣಿ ಅಂಗಡಿಗೆ ಹೋಗಬೇಕಿತ್ತು. ಪರೀಕ್ಷೆಯ ದಿನ ನಾನೇ ಅಲ್ಲಿ ನಿಂತು ಗಡಿಯಾರ ನೋಡಿದೆ. ಐದೇ ನಿಮಿಷ. ಪುಸ್ತಕದಲ್ಲಿ ಫೋನಿನ ಮುಂದೆ ಒಂದು ದೊಡ್ಡ ಸರಿ ಗುರುತು ಹಾಕಿದೆ.

ಚಚಡಿಯ ಕೇಂದ್ರ ನೋಡಿಕೊಳ್ಳುತ್ತಿದ್ದವಳು ಗಂಗವ್ವ. ನಲವತ್ತು ದಾಟಿದ ಹೆಂಗಸು, ಏಳನೆಯ ಇಯತ್ತೆಯವರೆಗೆ ಓದಿದವಳು. ಕಂಪ್ಯೂಟರಿನ ಕೀಲಿಗಳನ್ನು ಎಂಟೇ ದಿನದಲ್ಲಿ ಕಲಿತು, ನನ್ನನ್ನು "ಅಕ್ಕಾರ" ಎನ್ನುತ್ತಲೇ ನನ್ನ ತಪ್ಪು ಹಿಡಿಯುತ್ತಿದ್ದಳು. ಅರವತ್ತು ಮನೆಗಳ ಹೆಂಗಸರು ಅವಳ ಕೇಂದ್ರಕ್ಕೆ ಹಾಲು ಹಾಕುತ್ತಿದ್ದರು. ಆ ಕೇಂದ್ರ ಇಲ್ಲದಿದ್ದರೆ ಅವರು ಕ್ಯಾನು ಹೊತ್ತು ದೊಡ್ಡ ರಸ್ತೆಗೆ ನಡೆದು ಯಾವುದಾದರೂ ಟೆಂಪೋಕ್ಕೆ ಕಾಯಬೇಕಿತ್ತು, ಗಂಗವ್ವನಿಗೆ ಕೆಲಸ ಇರುತ್ತಿರಲಿಲ್ಲ.

ಒಂದು ದಿನ ಅಲ್ಲಿ ಯಂತ್ರ ನಿಜವಾಗಿಯೇ ನಿಂತಿತು. ನನ್ನ ಪುಸ್ತಕದ ಐದು ನಿಮಿಷದ ಸುದ್ದಿ ಐವತ್ತು ನಿಮಿಷಕ್ಕೆ ಬಂತು. ಹಾಲು ಅರ್ಧಕ್ಕರ್ಧ ಉಳಿಯಿತು, ನನ್ನ ತಲೆ ಮಾತ್ರ ಕಾದಿತ್ತು.

"ಯಾಕ ಗಂಗಕ್ಕ, ಫೋನ್ ಮಾಡಾಕ ಇಷ್ಟೊತ್ತ?"

"ಏನ ಮಾಡ್ಲಿ ರೀ ಅಕ್ಕಾರ, ಈರಪ್ಪನ ಹೇಂತಿ ಚಾಕ್ಕ ಇಟ್ಟಿದ್ಲು. ಅವರ ಫೋನ್ ಬೇಕು, ಅವರ ಚಾ ಬ್ಯಾಡ ಅಂದ್ರ ಹೆಂಗ? ಕುಂತು ಕುಡದು, ಆಮ್ಯಾಲೆ ಕೇಳಿದೆ."

"ಪರೀಕ್ಷಾ ಮಾಡಿದ ದಿವಸ ಚಾ ಕುಡೀಲಿಲ್ಲಲ್ಲ?"

"ಅವತ್ತ ನೀವು ಬಾಗಲದಾಗ ಗಡಿಯಾರ ಹಿಡಕೊಂಡು ನಿಂತಿದ್ರಿ. ನಿಮ್ಮನ್ನ ನೋಡಿ ಆಕಿಗೆ ಚಾ ಮಾಡೂ ಧೈರ್ಯ ಆಗ್ಲಿಲ್ಲ."

ವಿಚಾರಿಸಿದರೆ ಉಳಿದ ಕೇಂದ್ರಗಳ ಕಥೆಯೂ ಅದೇ. ಕಿತ್ತೂರಿನವನು ನಾನು ನಾಷ್ಟಾ ಮಾಡುವ ಹೊತ್ತೆಂದು ತಡೆಯುತ್ತಿದ್ದ. ರಾಮದುರ್ಗದವನು ಮೊದಲು ನನ್ನ ಮನೆಯವರ ಯೋಗಕ್ಷೇಮ ಕೇಳಿ, ಮಳೆ ಬಿಸಿಲಿನ ವಿಷಯ ಮಾತಾಡಿ, ಕೊನೆಗೆ ಇಡುವ ಮುಂಚೆ ಯಂತ್ರದ ಸುದ್ದಿ ಹೇಳುತ್ತಿದ್ದ. ಕೆಟ್ಟ ಸುದ್ದಿಯನ್ನು ಎತ್ತಿದ ಕೂಡಲೇ ಹೇಳುವುದು ನಮ್ಮ ಕಡೆ ಮರ್ಯಾದೆಯಲ್ಲ. ಇದನ್ನು ನನ್ನ ಪುಸ್ತಕದ ಯಾವ ಕಾಲಮ್ಮಿನಲ್ಲಿ ಬರೆಯಬೇಕಿತ್ತೋ ನನಗೆ ಗೊತ್ತಾಗಲಿಲ್ಲ.

ಆಗ ಹೊಳೆದದ್ದು ಮಿಸ್ಡ್ ಕಾಲ್. ನಾನು ಆಗಷ್ಟೇ ಒಂದು ಮೊಬೈಲು ಕೊಂಡಿದ್ದೆ. ಯಂತ್ರ ನಿಂತರೆ ಮೂರು ಸಲ ರಿಂಗು ಕೊಟ್ಟು ಇಟ್ಟುಬಿಡಿ, ಮಾತು ಬೇಡ ಎಂದೆ. ಈರಪ್ಪ ಫೋನನ್ನು ಅಂಗಡಿಯ ಕಟ್ಟೆಗೆ ತಂದಿಟ್ಟ. ಮಾತೇ ಇಲ್ಲವೆಂದ ಮೇಲೆ ಒಳಗೆ ಕೂರುವುದಿಲ್ಲ, ಕೂರದಿದ್ದರೆ ಚಹಾ ಇಲ್ಲ. ಮೊದಲ ಎರಡು ಸಲ ಸುದ್ದಿ ನಾಲ್ಕು ನಿಮಿಷಕ್ಕೆ ಬಂತು. ಈಗ ಒಪ್ಪಿಕೊಳ್ಳುತ್ತೇನೆ, ಅಂದು ನನಗೆ ಬಹಳ ಜಂಬ ಬಂದಿತ್ತು. ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಅಡಿಗೆರೆ ಎಳೆದು ಸಾಹೇಬರಿಗೆ ತೋರಿಸಿದೆ.

ಏಪ್ರಿಲ್ ನಡುವಿನಲ್ಲಿ ಕಿತ್ತೂರಿನಲ್ಲಿ ನನ್ನ ಅಕ್ಕನ ಮಗಳ ಕುಬಸ. ಚೊಚ್ಚಲ ಬಸುರಿ, ಮನೆ ತುಂಬ ಬೀಗರು. ನಾನು ಹಿಂದಿನ ದಿನವೇ ಹೋಗಿದ್ದೆ. ಬೆಳಗಿನ ಐದರಿಂದ ನನ್ನ ಮೊಬೈಲು ರಿಂಗಾಗತೊಡಗಿತು. ಬಸ್ ಹತ್ತಿದೆವು ಎಂದು ಒಬ್ಬರ ಮಿಸ್ಡ್ ಕಾಲ್, ಇಳಿದೆವು ಎಂದು ಇನ್ನೊಬ್ಬರದು, ಹೂವು ಸಿಕ್ಕಿತು ಎಂದು ಮತ್ತೊಬ್ಬರದು. ಆ ವರ್ಷ ಮೊಬೈಲಿದ್ದವರು ಯಾರೂ ದುಡ್ಡು ಕೊಟ್ಟು ಮಾತಾಡುತ್ತಿರಲಿಲ್ಲ. ಹತ್ತು ಸಲ ನೋಡಿದೆ, ಹತ್ತು ಸಲವೂ ಬೀಗರೇ. ಬೇಸರ ಬಂದು ಮೊಬೈಲನ್ನು ಸೀರೆಗಳ ಚೀಲದಲ್ಲಿ ತುರುಕಿ ಹೋಳಿಗೆ ಲಟ್ಟಿಸಲು ಕುಳಿತೆ. ಒಂಬತ್ತೂವರೆಗೆ ತೆಗೆದು ನೋಡಿದರೆ ಚಚಡಿಯ ನಂಬರು ಆರೂವರೆಗೆ ಮೂರು ಸಲ, ಏಳಕ್ಕೆ ಮೂರು ಸಲ, ಏಳೂವರೆಗೆ ಮೂರು ಸಲ ಬಂದಿತ್ತು.

ದಸ್ತಗೀರಣ್ಣನನ್ನು ಕರೆಸಿಕೊಂಡು ಚಚಡಿ ಮುಟ್ಟುವ ಹೊತ್ತಿಗೆ ಹನ್ನೊಂದು ದಾಟಿತ್ತು. ಜೀಪು ಇಳಿಯುವ ಮುಂಚೆಯೇ ವಾಸನೆ ಬಂತು. ಹೆಂಗಸರು ಇನ್ನೂ ಹೋಗಿರಲಿಲ್ಲ. ಕ್ಯಾನುಗಳನ್ನು ಮುಂದಿಟ್ಟುಕೊಂಡು ಊರಿನ ಹಳೆಯ ವಾಡೆಯ ಗೋಡೆಯ ನೆರಳಿನಲ್ಲಿ ಸಾಲಾಗಿ ಕುಳಿತಿದ್ದರು. ಯಾರೂ ಬೈಯಲಿಲ್ಲ. ಒಬ್ಬ ಮುದುಕಿ ಎದ್ದು, ತನ್ನ ಕ್ಯಾನಿನಲ್ಲಿದ್ದುದನ್ನು ಗಟಾರಕ್ಕೆ ಸುರಿದು, ನನ್ನ ಮುಖ ನೋಡದೆ ಮನೆಗೆ ಹೋದಳು. ಉಳಿದವರೂ ಹಾಗೆಯೇ ಒಬ್ಬೊಬ್ಬರಾಗಿ ಎದ್ದರು. ಗಂಗವ್ವ ಒಂದು ತಂಬಿಗೆ ನೀರು ತಂದು, "ಬಿಸಲಾಗ ಬಂದೀರಿ, ಮಾರಿ ತೊಳಕೋರಿ ಅಕ್ಕಾರ" ಎಂದಳು. ಅವಳು ನಾಲ್ಕು ಮಾತು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಸಾಹೇಬರು ಮರುದಿನವೇ ಆದೇಶ ಬರೆದರು. ವೇಳೆಗೆ ಸರಿಯಾಗಿ ಸುದ್ದಿ ತಿಳಿಸದ ಕಾರಣ ಜೂನ್ ಒಂದರಿಂದ ಗಂಗವ್ವನನ್ನು ಕೆಲಸದಿಂದ ತೆಗೆಯಲಾಗುವುದು, ಚಚಡಿ ಕೇಂದ್ರವೂ ಬಂದ್. ನಾನು ಅದನ್ನು ಓದಿದೆ, ಮತ್ತು ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಕೆಲಸ ಹೋದೀತು ಎಂಬ ಹೆದರಿಕೆ, ಬೇರೇನೂ ಅಲ್ಲ. ಮೂರನೆಯ ದಿನ ಜೀಪಿನಲ್ಲಿ ದಸ್ತಗೀರಣ್ಣ ರಸ್ತೆಯ ಮೇಲಿನ ಕಣ್ಣು ತೆಗೆಯದೆ, "ತಂಗಿ, ಆ ಹೆಣಮಗಳು ಒಂಬತ್ತು ಸಲ ಕರದಾಳ" ಎಂದ. ಅಷ್ಟೇ ಅಂದದ್ದು. ನೇರ ಸಾಹೇಬರ ಕೋಣೆಗೆ ಹೋಗಿ, ಸುದ್ದಿ ಬಂದಿತ್ತು, ನೋಡದೆ ಇದ್ದವಳು ನಾನು, ತಪ್ಪು ನನ್ನದು ಎಂದೆ.

ಸಾಹೇಬರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಹಂಗಾರ ಇಬ್ಬರೂ ಮನಿಗೆ ಹೋಗ್ರಿ."

"ಹೋಗತೇವಿ ಸಾಹೇಬ್ರ. ಮೇ ಮುಗಿಯೂ ತನಕ ಟೈಮ್ ಕೊಡ್ರಿ. ಅಷ್ಟರಾಗ ಚಚಡ್ಯಾಗ ಇನ್ನೊಮ್ಮೆ ಹಾಲು ಒಡದ್ರ ಹೇಳಿಸಿಕೊಳ್ಳದ ಹೋಗತೇನಿ. ಒಡೀಲಿಲ್ಲ ಅಂದ್ರ ಕೇಂದ್ರ ಉಳೀಬೇಕು, ಆಕಿನೂ ಉಳೀಬೇಕು."

ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಆದೇಶವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಅವರ ಮನಸ್ಸಿನಲ್ಲಿ ಬೇರೊಂದು ಯಂತ್ರವಿತ್ತು. ಕಂಪ್ಯೂಟರಿಗೆ ಒಂದು ಪೆಟ್ಟಿಗೆ ಜೋಡಿಸಿದರೆ, ಅದು ನಿಂತ ಕೂಡಲೇ ತಾನೇ ನಮ್ಮ ಮೊಬೈಲಿಗೆ ಎಸ್ಸೆಮ್ಮೆಸ್ ಕಳಿಸುತ್ತದೆಯೆಂದು ಯಾರೋ ಹೇಳಿದ್ದರು. ಅದನ್ನು ಮಾರುವವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಚಚಡಿಗೆ ಬಂದ. ಕಂಪ್ಯೂಟರಿನ ವೈರು ಕಿತ್ತ. ಒಂದೇ ನಿಮಿಷದಲ್ಲಿ ಸಾಹೇಬರ ಮೊಬೈಲು ಟಿಣ್ ಎಂದಿತು. ನೋಡಲು ಸೇರಿದ್ದವರು ಚಪ್ಪಾಳೆ ತಟ್ಟಿದರು. ದಸ್ತಗೀರಣ್ಣ ಹಿಂದೆ ಹೋಗಿ ಮೇನ್ ಸ್ವಿಚ್ಚನ್ನೇ ಇಳಿಸಿದ. ಐದು ನಿಮಿಷ ಕಾದೆವು, ಹತ್ತು ನಿಮಿಷ ಕಾದೆವು, ಮೊಬೈಲು ಸುಮ್ಮನಿತ್ತು.

"ಸತ್ತಾಂವ ತಾನು ಸತ್ತೇನಿ ಅಂತ ಹೆಂಗ ಹೇಳತಾನ್ರಿ?" ಎಂದ ದಸ್ತಗೀರಣ್ಣ.

ಮಾರುವವನು ಬೆವರು ಒರೆಸಿಕೊಂಡು, ಬೇರೆ ಬ್ಯಾಟರಿ ಕೊಡುತ್ತೇನೆ ಎಂದ. ಕೊಟ್ಟ. ನಾಲ್ಕು ದಿನ ಚೆನ್ನಾಗಿಯೇ ಕೆಲಸ ಮಾಡಿತು. ಐದನೆಯ ದಿನ ಊರಿಗೂರೇ ಕರೆಂಟ್ ಹೋದಾಗ ಆ ಭಾಗದ ಮೊಬೈಲ್ ಟವರೂ ಮಲಗಿತು. ಪೆಟ್ಟಿಗೆ ಎಸ್ಸೆಮ್ಮೆಸ್ ಕಳಿಸಿತ್ತಂತೆ, ಅದು ನಮಗೆ ತಲುಪಿದ್ದು ಸಂಜೆ. ಪುಣ್ಯಕ್ಕೆ ಅಂದು ಹಾಲು ಟ್ಯಾಂಕಿಗೆ ಬಿದ್ದಾಗಿತ್ತು. ನಾನು ಕೇಂದ್ರದ ಮೆಟ್ಟಿಲ ಮೇಲೆ ಪುಸ್ತಕ ಬಿಚ್ಚಿಕೊಂಡು ಕುಳಿತು, ಪೇಜರು, ಫೋನು, ಮಿಸ್ಡ್ ಕಾಲು, ಪೆಟ್ಟಿಗೆ ಎಂದು ಒಂದೊಂದನ್ನೇ ಹೊಡೆದು ಹಾಕಿದೆ. ಗಂಗವ್ವ ಕ್ಯಾನು ತೊಳೆಯುತ್ತಿದ್ದವಳು ಕತ್ತೆತ್ತಿ ನೋಡಿದಳು.

"ಏನ ಬರಿಯಾಕತ್ತೀರಿ ಅಕ್ಕಾರ?"

"ಕೆಟ್ಟರ ನಮಗ ಹೆಂಗ ಗೊತ್ತಾಗಬೇಕು ಅಂತ ನೋಡಾಕತ್ತೇನಿ. ಒಂದೂ ನೆಟ್ಟಗಿಲ್ಲ."

ಅವಳು ಕೈ ಒರೆಸಿಕೊಂಡು ನನ್ನ ಪಕ್ಕ ಕುಳಿತಳು. "ನಮ್ಮ ಓಣ್ಯಾಗ ಮುಂಜಾನೆ ಯಾರದರ ಮನಿ ಮುಂದ ಕಸಾ ಹೊಡದಿಲ್ಲ, ನೀರು ಹಾಕಿಲ್ಲ ಅಂದ್ರ ನಾವ ಹೋಗಿ ಬಾಗಲಾ ಬಡೀತೇವ್ರಿ. ಜ್ವರ ಬಂದು ಮಲಗಿದಾಕಿ ಎದ್ದು ಬಂದು ನಮಗ ಕರೀಲಿ ಅಂತ ಕುಂದ್ರೂದಿಲ್ಲ. ಹೊಸ್ತಲಾ ಒಣಗಿತ್ತು ಅಂದ್ರ ತಿಳೀತದ."

ನಾನು ಪೆನ್ನು ಕೆಳಗಿಟ್ಟೆ. ಎರಡು ತಿಂಗಳು ನಾನು ತಿರುಗುಮುರುಗಾಗಿ ಹೊರಟಿದ್ದೆ. ಕೆಟ್ಟಾಗ ಕರೆಯಿರಿ ಎಂದು ಎಲ್ಲರ ಬೆನ್ನು ಹತ್ತಿದ್ದೆ. ಅವರಿಗೆ ಕೆಟ್ಟದ್ದು ಹೇಳಲು ಸಂಕೋಚ, ಪೆಟ್ಟಿಗೆಗೆ ಕರೆಂಟಿನ ತೊಂದರೆ, ನನಗೆ ಬೀಗರ ಗಲಾಟೆ.

ಮರುದಿನದಿಂದಲೇ ಕಟ್ಟುನಿಟ್ಟು ಮಾಡಿದೆವು. ಯಂತ್ರ ನೆಟ್ಟಗೆ ಹೊರಟು ಮೊದಲ ಚೀಟಿ ಹರಿದ ಮೇಲೆ ಪ್ರತಿ ಕೇಂದ್ರದವರು ಒಂದೇ ಒಂದು ರಿಂಗು ಕೊಡಬೇಕು. ಕಿತ್ತೂರು ಆರಕ್ಕೆ, ನೇಸರಗಿ ಆರೂ ಐದಕ್ಕೆ, ಚಚಡಿ ಆರೂ ಹತ್ತಕ್ಕೆ, ರಾಮದುರ್ಗ ಆರೂ ಹದಿನೈದಕ್ಕೆ. ರಿಂಗು ಬರುವುದು ನನ್ನ ಮೊಬೈಲಿಗಲ್ಲ, ಕಚೇರಿಯ ಫೋನಿಗೆ. ಆ ಹೊತ್ತಿಗೆ ನಾನೂ ದಸ್ತಗೀರಣ್ಣನೂ ಅದರ ಮುಂದೆ ಕೂತಿರಬೇಕು. ರಿಂಗು ಬಂದರೆ ಎಲ್ಲ ಸರಿ ಇದೆ, ಎತ್ತುವುದು ಬೇಡ. ಬರಲಿಲ್ಲವೆಂದರೆ ಐದು ನಿಮಿಷ ನೋಡುವುದು, ಆಮೇಲೆ ಯಾರನ್ನೂ ಕೇಳದೆ ಜೀಪು ಹೊರಡುವುದು. ನಾನು ಇಲ್ಲದಿದ್ದರೆ ದಸ್ತಗೀರಣ್ಣ ಒಬ್ಬನೇ ಹೊರಡುವುದು. ತಪ್ಪು ಯಾರದೆಂದು ಹಾಲು ಟ್ಯಾಂಕಿಗೆ ಬಿದ್ದ ಮೇಲೆ ಕೇಳೋಣ ಎಂದು ನಾಲ್ಕೂ ಕಡೆ ಹೇಳಿ ಬಂದೆ.

ಮೊದಲ ವಾರವೇ ಚಚಡಿಯ ರಿಂಗು ತಪ್ಪಿತು. ಹಾರಿಕೊಂಡು ಹೋದರೆ ಎಲ್ಲ ಸುಸೂತ್ರ. ಈರಪ್ಪ ಪಂಢರಪುರಕ್ಕೆ ಹೋಗುವ ಗಡಿಬಿಡಿಯಲ್ಲಿ ಫೋನನ್ನು ಒಳಗಿಟ್ಟು ಬೀಗ ಹಾಕಿಬಿಟ್ಟಿದ್ದ. ನಾಲ್ಕು ದಿನ ಬಿಟ್ಟು ನೇಸರಗಿಯ ರಿಂಗು ತಪ್ಪಿತು. ಅಲ್ಲಿಯವನು ಮರೆತಿದ್ದ. ಸಾಹೇಬರು ಜೀಪಿನ ಡೀಸೆಲ್ಲಿನ ಲೆಕ್ಕ ನೋಡಿ, "ಸುಮಂಗಲಾ, ಸುದ್ದಿ ಬಂದಾಗ ಹೋಗ್ಲಿಲ್ಲ, ಬರದಾಗ ಓಡಾಕತ್ತೀರಿ. ಚಲೋ ಐತಿ ನಿಮ್ಮ ಕಾರಭಾರ" ಎಂದು ಎಲ್ಲರೆದುರು ನಕ್ಕರು. ನಾನು ನಗಲಿಲ್ಲ. ಈರಪ್ಪನ ಅಂಗಡಿಯ ಇನ್ನೊಂದು ಕೀಲಿಯನ್ನು ಗಂಗವ್ವನ ಕೈಗೆ ಕೊಡಿಸಿದೆ. ನೇಸರಗಿಯವನಿಗೆ ಬೈಯಲಿಲ್ಲ, ಬಿಡಿಸಿ ಹೇಳಿ ಅವನ ಮನೆಯಲ್ಲೇ ರೊಟ್ಟಿ ತಿಂದು ಬಂದೆ. ಅವನು ಮತ್ತೆ ಮರೆಯಲಿಲ್ಲ. ಇನ್ನು ನೂರು ಸಲ ಸುಮ್ಮನೆ ಹೋಗಿ ಬಂದರೂ ಸರಿ, ನೂರಾ ಒಂದನೆಯ ಸಲವೂ ಹೋಗುವುದೇ ಎಂದು ದಸ್ತಗೀರಣ್ಣನಿಗೆ ಹೇಳಿದೆ. ಅವನು ಜೀಪಿಗೆ ಒಂದು ಬ್ಯಾಟರಿ, ಎರಡು ಬೆಲ್ಟು, ವೈರಿನ ಸುರುಳಿ ಹಾಕಿ ಖಾಯಂ ಅಲ್ಲೇ ಇಟ್ಟ.

ಮೇ ಮುಗಿಯಲು ಎರಡು ದಿನ ಉಳಿದಿತ್ತು. ಹಿಂದಿನ ಸಂಜೆ ಅಡ್ಡಮಳೆ ಗಾಳಿ ಎಬ್ಬಿಸಿಕೊಂಡು ಬಂದು ಸವದತ್ತಿಯ ಕಡೆ ಹೋಗಿತ್ತು. ಬೈಲಹೊಂಗಲದಲ್ಲಿ ಬಿದ್ದದ್ದು ನಾಲ್ಕು ಹನಿ. ಬೆಳಿಗ್ಗೆ ಕಿತ್ತೂರಿನ ರಿಂಗು ಬಂತು. ನೇಸರಗಿಯದು ಬಂತು. ಆರೂ ಹತ್ತಕ್ಕೆ ನಾವಿಬ್ಬರೂ ಫೋನನ್ನೇ ನೋಡುತ್ತ ಕುಳಿತೆವು. ಆರೂ ಹದಿನೈದಕ್ಕೆ ಒಂದೇ ಒಂದು ರಿಂಗಾಯಿತು, ಆ ಹೊತ್ತು ರಾಮದುರ್ಗದ್ದು. ದಸ್ತಗೀರಣ್ಣ ಆಗಲೇ ಚಪ್ಪಲಿ ಮೆಟ್ಟಿದ್ದ.

ಚಚಡಿಗೆ ಇನ್ನೂ ಎರಡು ಮೈಲಿ ಇದ್ದಾಗ ರಸ್ತೆಗೆ ಅಡ್ಡವಾಗಿ ಒಂದು ಜಾಲಿಮರ ಬಿದ್ದಿತ್ತು. ಲೈಟಿನ ಕಂಬ, ಫೋನಿನ ಕಂಬ ಎರಡನ್ನೂ ಎಳೆದುಕೊಂಡೇ ಬಿದ್ದಿತ್ತು. ಜೀಪನ್ನು ಹೊಲಕ್ಕಿಳಿಸಿ ಸುತ್ತು ಹಾಕಿ ಮೇಲೆ ಬಂದರೆ, ಎದುರಿನಿಂದ ಒಬ್ಬ ಹೆಂಗಸು ಸೆರಗು ಸೊಂಟಕ್ಕೆ ಕಟ್ಟಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಕೆಸರಿನಲ್ಲಿ ಓಡುತ್ತ ಬರುತ್ತಿದ್ದಳು. ಗಂಗವ್ವ. ಮೊದಲ ಬಸ್ಸಿನವರ ಕೈಯಲ್ಲಿ ನಮಗೆ ಸುದ್ದಿ ಕಳಿಸಲು ದೊಡ್ಡ ರಸ್ತೆಗೆ ಹೊರಟಿದ್ದಳು. ಜೀಪು ನೋಡಿ ನಿಂತಳು. ಹಿಂದಿನ ಸೀಟಿಗೆ ಹತ್ತಿ, ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡು, "ಲಗೂನ ನಡೀರಿ ಅಣ್ಣಾರ, ಎಲ್ಲಾರೂ ಕ್ಯಾನ ತಂದಾರ" ಎಂದಳು.

ತಗಡು ಹಾರಿ ಜನರೇಟರಿನ ಮೇಲೆ ರಾತ್ರಿಯಿಡೀ ನೀರು ಸುರಿದಿತ್ತು. ದಸ್ತಗೀರಣ್ಣ ಅಂಗಿ ಬಿಚ್ಚಿ ಅದರಿಂದಲೇ ಒರೆಸಿದ, ಬೆಲ್ಟು ಬದಲಿಸಿದ, ನಮ್ಮ ಬ್ಯಾಟರಿ ಹಚ್ಚಿದ. ನಾನು ಕಂಪ್ಯೂಟರಿನ ಹಿಂದೆ ಮೊಣಕಾಲೂರಿ ಕುಳಿತಿದ್ದೆ. ಹೊರಗೆ ಅರವತ್ತು ಹೆಂಗಸರು ಕ್ಯಾನು ಹಿಡಿದು ನಿಂತಿದ್ದರು. ಏಳೂಕಾಲಿಗೆ ಜನರೇಟರು ಕೆಮ್ಮಿ ಕೆಮ್ಮಿ ಶುರುವಾಯಿತು. ಗಂಗವ್ವ ಕೆಸರು ಕಾಲಿನಲ್ಲೇ ಕುರ್ಚಿಯಲ್ಲಿ ಕುಳಿತು ಮೊದಲ ಚೀಟಿ ಹರಿದಳು. ಗಟಾರಕ್ಕೆ ಹಾಲು ಸುರಿದಿದ್ದ ಅದೇ ಮುದುಕಿ ಮೊದಲು ನಿಂತಿದ್ದಳು. ಎಂಟೂವರೆಯ ಹೊತ್ತಿಗೆ ಕಟ್ಟಕಡೆಯ ಕ್ಯಾನೂ ಟ್ಯಾಂಕಿಗೆ ಬಿತ್ತು. ಒಂದು ತಂಬಿಗೆಯೂ ಕೆಡಲಿಲ್ಲ. ನನಗೆ ಅಳು ಬಂತು, ಅತ್ತೆ. ಯಾರಿಗೂ ಮುಚ್ಚಿಡಲಿಲ್ಲ.

ಒಂಬತ್ತಕ್ಕೆ ಸಾಹೇಬರ ಗಾಡಿ ಬಂತು. ಕೇಂದ್ರ ಬಂದ್ ಮಾಡುವ ಮುಂಚೆ ಸಾಮಾನು ಎಣಿಸಿಕೊಳ್ಳಲು ಬಂದಿದ್ದರು. ದಾರಿಯಲ್ಲಿ ಬಿದ್ದ ಕಂಬಗಳನ್ನು ನೋಡಿಯೇ ಬಂದಿದ್ದರಿಂದ, ಒಡೆದ ಹಾಲಿನ ವಾಸನೆಗೆ ಮೊದಲೇ ಕರವಸ್ತ್ರ ತೆಗೆದಿದ್ದರು. ಟ್ಯಾಂಕಿನ ಮುಚ್ಚಳ ಎತ್ತಿ ನೋಡಿದರು. ಬೆರಳು ಅದ್ದಿ ಮೂಸಿದರು. ಚೀಟಿಗಳ ಕಟ್ಟು ನೋಡಿದರು. ನನ್ನನ್ನೂ ದಸ್ತಗೀರಣ್ಣನ ಒದ್ದೆ ಅಂಗಿಯನ್ನೂ ನೋಡಿದರು.

"ಕರೆಂಟ್ ಇಲ್ಲ, ಫೋನ್ ಇಲ್ಲ" ಎಂದರು ಗಂಗವ್ವನ ಕಡೆ ತಿರುಗಿ. "ಇವರನ್ನ ಯಾರು ಕರದ್ರು?"

ಗಂಗವ್ವ ಕುರ್ಚಿಯಿಂದ ಏಳಲಿಲ್ಲ. ಆ ಬೇಸಿಗೆಯಲ್ಲಿ ಅವಳು ಸಾಹೇಬರ ಮುಂದೆ ಕುಳಿತೇ ಮಾತಾಡಿದ್ದು ಅದೊಂದೇ ಸಲ.

"ಯಾರೂ ಕರೀಲಿಲ್ರಿ ಸಾಹೇಬ್ರ" ಎಂದಳು. "ಅದಕ್ಕ ಬಂದ್ರು."